ಬಾಗಿಲವಾಡದ ಅರಿಶಿನ

ಮ್ಯಾನ್‌ಹೈಮ್
೭ ಮಾರ್ಚ್ ೨೦೨೫, ಶುಕ್ರವಾರ

ಪ್ರೀತಿಯ ಖದೀಜಾ,

ನಿನ್ನ ಮಗಳು ಅಮ್ನಾ ಕ್ಷೇಮ. ಅದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕಿದ್ದನ್ನು ನೀನು ಓದುವುದಿಲ್ಲ. ರಂಜಾನಿನ ಉಪವಾಸ ಹಿಡಿದಿದ್ದಾಳೆ, ಯೂನಿವರ್ಸಿಟಿಯ ಕ್ಲಾಸನ್ನೂ ಬಿಟ್ಟಿಲ್ಲ. ಬೆಳಗಿನ ಜಾವ ಸಹರಿ ಊಟಕ್ಕೆ ಅವಳು ಏಳುವ ಹೊತ್ತಿಗೆ ನಾನೂ ಎದ್ದು ಉಪ್ಪಿಟ್ಟು ಮಾಡಿಕೊಡುತ್ತೇನೆ. "ಆಂಟಿ, ನಂಗೆ ಮ್ಯೂಸ್ಲಿ ಸಾಕು, ನೀವ್ಯಾಕೆ ಏಳ್ತೀರಾ?" ಎಂದು ಗೊಣಗುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ. ಹೊರಡುವಾಗ ಮಾತ್ರ ದಿನಾ ಒಂದೇ ನಾಟಕ. "ಹೋಗ್ತೀನಿ" ಅನ್ನುತ್ತಾಳೆ. ನಾನು ಬಾಗಿಲಿಗೆ ಓಡಿಬಂದು, "ಹಾಗನ್ನಬಾರ್ದು ಕಣಮ್ಮ, ಹೋಗ್ಬರ್ತೀನಿ ಅನ್ನು" ಎಂದು ಕೂಗುತ್ತೇನೆ. ಮೆಟ್ಟಿಲ ತಿರುವಿನಿಂದ ಉತ್ತರ ಬರುತ್ತದೆ: "ಹೋಗ್-ಬರ್-ತೀನಿ! ಓಕೆ?"

ಫೋನಿನಲ್ಲಾದರೆ ನಾವಿಬ್ಬರೂ ಸ್ವಲ್ಪ ಹೊತ್ತಿಗೇ ಇಂಗ್ಲಿಷಿಗೆ ಜಾರುತ್ತೇವೆ, ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿದವರಿಗೆ ಇದು ನಾಚಿಕೆ ಎಂದು ಈ ಕಾಗದದ ವ್ರತ ಶುರುಮಾಡಿದವಳು ನೀನು. ನಿನ್ನ ಡ್ಯೂಸೆಲ್ಡಾರ್ಫಿನ ಅಂಚೆಯವನು ನನ್ನ ಅಕ್ಷರ ನೋಡಿ ಏನಂದುಕೊಳ್ಳುತ್ತಾನೋ. ನನಗಂತೂ ಇದರಿಂದ ಒಳ್ಳೆಯದಾಗಿದೆ. ಪತಿದೇವರು ಯತಿರಾಜ್ ಆಫೀಸಿಗೆ, ಅಮ್ನಾ ಕ್ಲಾಸಿಗೆ ಹೋದ ಮೇಲೆ ಕವಿತೆಯ ಪುಸ್ತಕ ಹಿಡಿದು ಕೂರುತ್ತೇನೆ. ಎರಡು ಸಾಲು ಓದುವಷ್ಟರಲ್ಲಿ ಎದ್ದು ಕಿಟಕಿಗೆ ಹೋಗಿರುತ್ತೇನೆ. ಕಾಗದ ಬರೆಯುವಾಗ ಕೂತಿರುತ್ತೇನೆ.

ಹೊಸ ಸುದ್ದಿ ಎದುರು ಮನೆಯದು. ನಮ್ಮ ಮಹಡಿಯಲ್ಲಿರುವುದು ಎರಡೇ ಬಾಗಿಲು. ಒಂದು ನಮ್ಮದು, ಇನ್ನೊಂದು ಫ್ರಾವ್ ರೆಜ್ನಿಕ್ ಅವರದು. ಒಡೆಸಾದಿಂದ ಬಂದು ಈ ಊರಿನಲ್ಲಿ ಮುದುಕಿಯಾದ ಯಹೂದಿ ಹೆಂಗಸು. ಗಂಡ ತೀರಿಕೊಂಡಿದ್ದಾರೆ, ಮಗ ಬೇರೆ ಊರಿನಲ್ಲಿದ್ದಾನೆ. ಅಮ್ನಾ ಅವರ ಸಾಮಾನಿನ ಚೀಲ ಹೊತ್ತು ಮೇಲೆ ತಂದುಕೊಡುತ್ತಾಳೆ, ಅವರು ಅವಳಿಗೆ ಗಸಗಸೆ ಹೂರಣದ ಕೇಕು ಕೊಡುತ್ತಾರೆ. ಸೊಂಟದ ಕೀಲಿನ ಆಪರೇಷನ್ನಿಗೆಂದು ನಿನ್ನೆ ಆಸ್ಪತ್ರೆಗೆ ಹೋದರು. ಅಲ್ಲಿಂದ ರೇಹಾ ಅಂತೆ, ನಡೆಯುವುದನ್ನು ಮತ್ತೆ ಕಲಿಸುವ ಜಾಗ. ಬರುವುದು ಈಸ್ಟರ್ ಕಳೆದ ಮೇಲೆ. ಗಿಡಗಳಿಗೆ ನೀರು ಹಾಕಲು ಕೀಲಿಯನ್ನು ನನಗೆ ಕೊಟ್ಟಿದ್ದಾರೆ.

ಅವರ ಬಾಗಿಲವಾಡದ ಬಲಗಡೆ, ಭುಜದೆತ್ತರದಲ್ಲಿ, ಬೆರಳುದ್ದದ ಒಂದು ಮರದ ಕೊಳವೆ ಓರೆಯಾಗಿ ಕೂತಿದೆ. ಅದಕ್ಕೆ ಮೆಜುಜಾ ಎನ್ನುತ್ತಾರೆ. ಒಳಗೆ ತೊಗಲಿನ ಹಾಳೆಯ ಸುರುಳಿಯಿದೆ, ಅದರ ಮೇಲೆ ದೇವರ ಮಾತುಗಳನ್ನು ಕೈಯಲ್ಲೇ ಬರೆದಿರುತ್ತಾರೆ. ಇದು ಅವರ ಅಜ್ಜಿಯದು. ದೇವರ ಹೆಸರೆತ್ತಿದರೆ ಕೆಲಸ ಹೋಗುತ್ತಿದ್ದ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಅಜ್ಜಿ ಅದನ್ನು ಹೊಲಿಗೆ ಯಂತ್ರದ ಹೊಟ್ಟೆಯೊಳಗೆ ಬಚ್ಚಿಟ್ಟಿದ್ದರಂತೆ. ಅದು ಮೊದಲ ಸಲ ಬಾಗಿಲ ಹೊರಗೆ ಕಾಣಿಸಿಕೊಂಡದ್ದು ಈ ಮ್ಯಾನ್‌ಹೈಮಿನಲ್ಲಿ. ಓರೆ ಯಾಕೆ ಎಂದು ಕೇಳಿದ್ದಕ್ಕೆ, ನೆಟ್ಟಗೆ ನಿಲ್ಲಿಸಬೇಕೋ ಮಲಗಿಸಬೇಕೋ ಎಂದು ಹಿರಿಯರಲ್ಲಿ ಜಗಳವಾಗಿ ಕಡೆಗೆ ಹೀಗೆ ಒಪ್ಪಿಕೊಂಡರು ಎಂದರು. "ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿಗಿಂತ ವಾಸಿ, ಅವರು ಒಪ್ಪಿಕೊಂಡಾದರೂ ಎದ್ರು" ಅಂತ ಯತಿರಾಜ್.

ಹೊರಡುವಾಗ ಅವರು ಊರುಗೋಲನ್ನು ಬದಿಗಿಟ್ಟು, ಅದನ್ನು ಮುಟ್ಟಿ, ಬೆರಳಿಗೆ ಮುತ್ತಿಟ್ಟು ಇಳಿದು ಹೋದರು. ಇನ್ನು ಅಷ್ಟು ದಿನ ಅದನ್ನು ಮುಟ್ಟುವವರಿಲ್ಲ. ನಮ್ಮ ವಠಾರದಲ್ಲಿ ಪಕ್ಕದ ಮನೆಯವರು ಊರಿಗೆ ಹೋದರೆ ಅಮ್ಮ ಅವರ ಹೊಸ್ತಿಲನ್ನೂ ತೊಳೆದು ಅರಿಶಿನ ಹಚ್ಚುತ್ತಿದ್ದಳು, ಹೊಸ್ತಿಲು ಬೋಳಾಗಿರಬಾರದು ಎಂದು. ಇವತ್ತು ನನ್ನ ಹೊಸ್ತಿಲಾದ ಮೇಲೆ ಒದ್ದೆ ಬಟ್ಟೆ ಹಿಡಿದು ಅಲ್ಲಿಗೂ ಹೋದೆ. ಕೊಳವೆಯನ್ನು ಚೆನ್ನಾಗಿ ಒರೆಸಿ ಒಂದು ಬೆರಳು ಅರಿಶಿನ ಇಟ್ಟೆ. ಕುಂಕುಮ ಇಡಲಿಲ್ಲ. ಅಷ್ಟು ಸಲಿಗೆ ಬೇಡವೆನಿಸಿತು.

ಪ್ರತಿ ಶುಕ್ರವಾರ ಹೀಗೇ ಮಾಡೋಣವೆಂದಿದ್ದೇನೆ.

ನಿನ್ನ
ಸೌಭಾಗ್ಯ



ಡ್ಯೂಸೆಲ್ಡಾರ್ಫ್
೨೮ ಮಾರ್ಚ್ ೨೦೨೫

ಪ್ರೀತಿಯ ಸೌಭಾಗ್ಯ,

ಬೆಳಗಿನ ಜಾವ ಎದ್ದು ಉಪ್ಪಿಟ್ಟು ಮಾಡುತ್ತೀಯಲ್ಲ, ಅಲ್ಲಾಹ್ ನಿನಗೆ ಒಳ್ಳೆಯದು ಮಾಡಲಿ. ಇಲ್ಲಿ ನನ್ನ ಕೈಯಡುಗೆಗೆ ಮೂಗು ಮುರಿಯುವ ರಾಣಿಗೆ ಅಲ್ಲಿ ಎರಡು ಸಲ ಬಡಿಸಬೇಕೇನು?

ಅರಿಶಿನದ ವಿಷಯ ಓದಿ ನಕ್ಕೆ, ಆಮೇಲೆ ನಗು ನಿಂತುಹೋಯಿತು. ಅವರ ದೇವರಿಗೆ ಅರಿಶಿನ ಬೇಕೋ ಬೇಡವೋ ಕೇಳಿದೆಯೇನೆ? ಹಾಸ್ಟೆಲಿನಲ್ಲಿ ನನ್ನ ಕುರಾನಿನ ಮೇಲೆ ಒದ್ದೆ ಮಲ್ಲಿಗೆ ಇಟ್ಟು ನಮ್ಮ ಅಮ್ಮಿ ಕೈಲಿ ಬೈಸಿಕೊಂಡದ್ದು ಮರೆತೆಯಾ? ಬಟ್ಟೆಯ ಗವಸು ಪೂರ್ತಿ ಕಲೆಯಾಗಿತ್ತು. "ಒಳ್ಳೆಯ ಮನಸ್ಸಿಂದ ಇಟ್ಟೆ ಅಮ್ಮಿ" ಎಂದು ನೀನು ಅತ್ತದ್ದಕ್ಕೆ ಅವರೇ ಸಮಾಧಾನ ಮಾಡಬೇಕಾಯಿತು. ಮನಸ್ಸು ಒಳ್ಳೆಯದೇ ಕಣೆ. ಕೈ ತಡೆಯುವುದಿಲ್ಲ ನಿನಗೆ. ಅವರ ಬಾಗಿಲು ಅವರದು, ಬಿಟ್ಟುಬಿಡು.

ನಮ್ಮ ಬಾಗಿಲಿನದೂ ಒಂದು ಕಥೆಯಿದೆ. ಮಾವ ಕೊಟ್ಟ, ಕುರಾನಿನ ಆಯತ್ತು ಬರೆದ ಫ್ರೇಮು ಮೈಸೂರಿನಲ್ಲಿ ತಲೆಬಾಗಿಲ ಮೇಲೆ, ಬೀದಿಗೆ ಕಾಣುವ ಹಾಗಿತ್ತು. ಇಲ್ಲಿಗೆ ಬಂದಾಗ ಗಫೂರ್ ಅದನ್ನು ಒಳಗಡೆ, ಚಪ್ಪಲಿ ಗೂಡಿನ ಪಕ್ಕದ ಗೋಡೆಗೆ ಹಾಕಿದರು. "ಒಳಗಿದ್ರೂ ಅವನಿಗೆ ಕಾಣುತ್ತೆ ಬಿಡು" ಅಂದರು. ಆವತ್ತು ನಾನು ಜಗಳವಾಡಿದೆ. ಈಗ ಆಡುವುದಿಲ್ಲ. ಆ ಮುದುಕಮ್ಮ ಹೊರಗೇ ಹಾಕಿದ್ದಾರೆಂದರೆ ಗಟ್ಟಿಗಿತ್ತಿ.

ಒಂದು ಮಾತು ನಿನ್ನಲ್ಲೇ ಇರಲಿ. ಅಮ್ನಾ ಕೆಲವು ಶನಿವಾರ ಗೆಳತಿಯರೊಂದಿಗೆ ಯುದ್ಧದ ವಿರುದ್ಧ ಮೆರವಣಿಗೆಗೆ ಹೋಗುತ್ತಾಳಂತೆ. ಅವಳಪ್ಪನಿಗೆ ಗೊತ್ತಿಲ್ಲ. ಹೋಗಬೇಡ ಎನ್ನಲು ನನಗೆ ಬಾಯಿಲ್ಲ, ಹೋಗು ಎನ್ನಲು ಧೈರ್ಯವಿಲ್ಲ. ಸ್ವಲ್ಪ ಕಣ್ಣಿಟ್ಟಿರು.

ಹಬ್ಬಕ್ಕೆ ಬರುತ್ತಾಳೆ, ಹಿಂದಿರುಗುವಾಗ ನಿನಗೆ ಶೀರ್ ಕುರ್ಮಾ ಕಳಿಸುತ್ತೇನೆ.

ನಿನ್ನ
ಖದೀಜಾ



ಮ್ಯಾನ್‌ಹೈಮ್
೨೪ ಏಪ್ರಿಲ್ ೨೦೨೫

ಪ್ರೀತಿಯ ಖದೀಜಾ,

ಇವತ್ತು ಅಮ್ನಾ ಅಲ್ಲಿಗೆ ಬಂದಿರುತ್ತಾಳೆ. ಬೆಳಗ್ಗೆ ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ ಚೀಲ ತೆಗೆದುಕೊಂಡು ಹೊರಟುಬಿಟ್ಟಳು. ಅವಳು ಹೇಳುವ ಮೊದಲು ನಾನೇ ಬರೆಯಬೇಕೆಂದು ಕೂತಿದ್ದೇನೆ; ಅಂಚೆಗಿಂತ ಅವಳೇ ಮೊದಲು ತಲುಪಿರುತ್ತಾಳೆ, ಅದೂ ಗೊತ್ತು.

ಮೊನ್ನೆ ಸಂಜೆ ಫ್ರಾವ್ ರೆಜ್ನಿಕ್ ವಾಪಸು ಬಂದರು, ಮಗನ ತೋಳು ಹಿಡಿದುಕೊಂಡು. ನಾನು ಒಳಗೆ ಅವರಿಗಾಗಿ ಸೂಪು ಬಿಸಿ ಮಾಡುತ್ತಿದ್ದೆ. ಮೆಟ್ಟಿಲಲ್ಲಿ ಒಂದು ಕೂಗು ಕೇಳಿಸಿತು. ಓಡಿಹೋಗಿ ನೋಡಿದರೆ ಮೆಜುಜಾದ ಕೆಳಗೆ ಬಿಳಿಯ ಬಾಗಿಲವಾಡದ ಮೇಲೆ ಕಂದುಗೆಂಪು ಬಣ್ಣ ಇಳಿದು ಒಣಗಿತ್ತು. ಕೊಳವೆಯ ಅಂಚಿನಲ್ಲೂ ಅದೇ. ರಕ್ತ ಇಳಿದ ಹಾಗೇ ಇತ್ತು, ಖದೀಜಾ. ಫ್ರಾವ್ ರೆಜ್ನಿಕ್ ಮೆಟ್ಟಿಲ ಮೇಲೇ ಕೂತುಬಿಟ್ಟರು. ಮಗ ಪೊಲೀಸರಿಗೆ ಫೋನು ಮಾಡಿದ.

ನನ್ನ ಅರಿಶಿನ ನೆನಪಾಯಿತು, ಆದರೆ ಅದು ಹಳದಿ. ಅದೂ ಅಲ್ಲದೆ ಅವರು ಬರುತ್ತಾರೆಂದು ಹೋದ ಶುಕ್ರವಾರವೇ ಎಲ್ಲ ಒರೆಸಿ ತೆಗೆದಿದ್ದೆ. ಇದನ್ನು ಯಾರೋ ಬೇಕೆಂದೇ ಮಾಡಿದ್ದಾರೆ.

ಪೊಲೀಸರು ಫೋಟೋ ತೆಗೆದುಕೊಂಡು ಎಲ್ಲರನ್ನೂ ಮಾತಾಡಿಸಿ ಹೋದರು. ಅವರು ಸೌಜನ್ಯದಿಂದಲೇ ಇದ್ದರು. ಕೆಳಮನೆಯ ಹೆರ್ ಫೋಗ್ಟ್, ಅದೇ, ಸದಾ ಮೆಟ್ಟಿಲು ತೊಳೆಯುವ ನಿವೃತ್ತ ಮುದುಕ, ಎಲ್ಲರೆದುರಿಗೇ ಅಮ್ನಾಳ ತಲೆಯ ಸ್ಕಾರ್ಫ್ ನೋಡಿಕೊಂಡು, "ನಿಮ್ಮ ಹುಡುಗಿಯನ್ನು ಕೇಳಿದಿರಾ? ಮೆರವಣಿಗೆಯಲ್ಲಿ ನೋಡಿದ್ದೇನೆ ನಾನು" ಅಂದ. ಅವಳು ಒಳಗೆ ಬಂದು ತಟ್ಟೆಗೆ ಅನ್ನ ಹಾಕಿಕೊಂಡಳು.

ನಾನೂ ಒಂದು ಮಾತು ಕೇಳಿದೆ. ಕೇಳಿದೆ ಅಷ್ಟೇ. "ನಿನ್ನ ಜೊತೆಯವರು ಯಾರಾದ್ರೂ, ನಿಂಗೆ ಗೊತ್ತಿಲ್ದೆ, ಈ ಕಡೆ ಬಂದಿದ್ರೇನಮ್ಮ?" ಮೃದುವಾಗಿಯೇ ಕೇಳಿದೆ. ಅವಳು ಚಮಚ ಕೆಳಗಿಟ್ಟು ಜರ್ಮನ್‌ನಲ್ಲಿ ಏನೋ ಅಂದಳು. ಸಿಟ್ಟು ಬಂದಾಗ ಅವಳು ಜರ್ಮನ್‌ಗೆ ಹೋಗುತ್ತಾಳೆ, ನಿನಗೆ ಗೊತ್ತು. ಆಮೇಲೆ ಕನ್ನಡದಲ್ಲಿ, "ನೀವೂನಾ ಆಂಟಿ?" ಅಂದಳು.

ಫ್ರಾವ್ ರೆಜ್ನಿಕ್ ಮೆಜುಜಾ ಬಿಚ್ಚಿಸಿ ಒಳಗಿಟ್ಟುಕೊಂಡಿದ್ದಾರೆ. ನನ್ನ ಕೈಯಿಂದ ಕೀಲಿ ವಾಪಸು ತೆಗೆದುಕೊಂಡರು. ಸೂಪು ಹಾಗೇ ಉಳಿಯಿತು.

ಅಮ್ನಾಗೆ ಹೇಳು, ಕೋಣೆ ಹಾಗೇ ಇದೆ ಎಂದು.

ನಿನ್ನ
ಸೌಭಾಗ್ಯ



ಡ್ಯೂಸೆಲ್ಡಾರ್ಫ್
೩ ಮೇ ೨೦೨೫

ಸೌಭಾಗ್ಯ,

ಕಾಗದ ತಲುಪಿತು.

ಕೆಳಮನೆಯ ಮುದುಕ ಕೇಳಿದ್ದಕ್ಕೆ ಅವಳು ಅಳಲಿಲ್ಲ. ಅಂಥವರು ಕೇಳಿಯೇ ಕೇಳುತ್ತಾರೆ ಎಂದು ನಾವು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರುತ್ತೇವೆ. ನೀನು ಕೇಳುತ್ತೀಯೆಂದು ಹೇಳಿಕೊಟ್ಟಿರಲಿಲ್ಲ.

ಕಣ್ಣಿಟ್ಟಿರು ಎಂದು ಬರೆದವಳು ನಾನೇ. ಮಗು ರಸ್ತೆ ದಾಟುವಾಗ ಇಡುವ ಕಣ್ಣು ಎಂದುಕೊಂಡು ಬರೆದಿದ್ದೆ.

ಅವಳು ಪರೀಕ್ಷೆ ಮುಗಿಯುವವರೆಗೆ ಲೂಡ್ವಿಗ್ಸ್‌ಹಾಫೆನ್‌ನಲ್ಲಿ ಗೆಳತಿಯ ಮನೆಯಲ್ಲಿರುತ್ತಾಳೆ. ಸಾಮಾನು ಆಮೇಲೆ ತೆಗೆದುಕೊಂಡು ಹೋಗುತ್ತಾಳೆ. ಪೊಲೀಸರು ಮತ್ತೊಂದು ಸಲ ಕರೆದಿದ್ದರು, ಗಫೂರ್ ರಜೆ ಹಾಕಿ ಜೊತೆಗೆ ಹೋಗಿದ್ದರು. ಮಗಳ ಪಕ್ಕದಲ್ಲಿ ಕೂತು, ಅವಳು ಆವತ್ತು ಲೈಬ್ರರಿಯಲ್ಲಿದ್ದಳೆಂದು ತೋರಿಸುವ ಕಾಗದ ಹಿಡಿದುಕೊಂಡಿದ್ದರಂತೆ. ಮನೆಗೆ ಬಂದು ಚಪ್ಪಲಿ ಗೂಡಿನ ಹತ್ತಿರ, ಆ ಫ್ರೇಮಿನ ಎದುರು, ಬಹಳ ಹೊತ್ತು ನಿಂತಿದ್ದರು.

ಖದೀಜಾ ಗಫೂರ್



ಮ್ಯಾನ್‌ಹೈಮ್
೩ ಜೂನ್ ೨೦೨೫

ಖದೀಜಾ,

ನೀನು ಬರೆಯುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಹಿಂದಿನ ಕಾಗದಕ್ಕೆ ಉತ್ತರ ಎಂದು ಏನೇನೋ ಬರೆದು ಹರಿದೆ. ಎಲ್ಲದರಲ್ಲೂ "ಆದರೆ" ಎಂಬ ಮಾತು ಬರುತ್ತಿತ್ತು.

ಮನೆಯಲ್ಲಿ ನಿಲ್ಲಲಾಗುವುದಿಲ್ಲ. ನೆಕರ್ ನದಿಯ ದಂಡೆಯ ಮೇಲೆ ಸುಮ್ಮನೆ ನಡೆಯುತ್ತೇನೆ, ಸುಸ್ತಾಗಿ ವಾಪಸು ಬಂದರೆ ಮತ್ತೆ ಅದೇ ಮೆಟ್ಟಿಲು, ಅದೇ ಎದುರು ಬಾಗಿಲು. ಬಣ್ಣ ಉಜ್ಜಿ ತೆಗೆದಿದ್ದಾರೆ. ಎರಡು ತಿರುಪಿನ ತೂತುಗಳು ಮಾತ್ರ ಓರೆಯಾಗಿ ಉಳಿದಿವೆ. ಫ್ರಾವ್ ರೆಜ್ನಿಕ್ ಹೊರಗೆ ಬರುವಾಗ ಅಭ್ಯಾಸಬಲದಿಂದ ಕೈ ಎತ್ತುತ್ತಾರೆ. ಅಲ್ಲಿ ಏನೂ ಇಲ್ಲ. ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಹಿಂದೆ ಅಮ್ನಾ ಹೊರುತ್ತಿದ್ದ ಚೀಲವನ್ನು ಅವರೇ ಒಂದೊಂದು ಮೆಟ್ಟಿಲಿಗೂ ಇಟ್ಟು, ಉಸಿರು ತೆಗೆದುಕೊಂಡು ಹತ್ತುತ್ತಾರೆ. ನಾನು ಕೈ ಚಾಚಿದರೆ "ನೈನ್, ಡಾಂಕೆ" ಎಂದು ಬೇಡವೆನ್ನುತ್ತಾರೆ. ಈ ಕಟ್ಟಡದಲ್ಲಿ ಯಾರನ್ನು ನಂಬಬೇಕೋ ಅವರಿಗೆ ತಿಳಿಯುತ್ತಿಲ್ಲ. ಮಗ ಅವರನ್ನು ವೃದ್ಧರ ಹೋಮಿಗೆ ಸೇರಿಸಲು ನೋಡುತ್ತಿದ್ದಾನಂತೆ.

ಅಮ್ನಾಳ ಕೋಣೆಯಲ್ಲಿ ಅವಳ ಪುಸ್ತಕಗಳಿವೆ, ನಮಾಜಿನ ಚಾಪೆ, ಜಾನಮಾಜ್, ಮಡಿಸಿಟ್ಟ ಹಾಗೇ ಇದೆ. ಧೂಳು ಒರೆಸಲು ಹೋಗಿ, ಮುಟ್ಟದೆ ವಾಪಸು ಬಂದೆ. ನೀನು ಹೇಳಿದ್ದು ನಿಜ, ನನಗೆ ಕೈ ತಡೆಯುವುದಿಲ್ಲ. ತಡೆಯುವುದನ್ನು ಕಲಿಯುತ್ತಿದ್ದೇನೆ.

ಈ ಶುಕ್ರವಾರ ನಿಮ್ಮ ಬಕ್ರೀದ್. ಮುಬಾರಕ್ ಎನ್ನಲು ನನಗೆ ಹಕ್ಕು ಉಳಿದಿದ್ದರೆ, ಮುಬಾರಕ್.

ಸೌಭಾಗ್ಯ



ಮ್ಯಾನ್‌ಹೈಮ್
೨ ಜುಲೈ ೨೦೨೫

ಖದೀಜಾ,

ಈ ಕಾಗದವನ್ನು ಮಾತ್ರ ಪೂರ್ತಿ ಓದು.

ಯತಿರಾಜ್ ಅವರ ಅಕ್ಕನ ಮಗ ಸುಮನ್, ಮದುವೆಯಾಗಿ ಹೆಂಡತಿ ಲಾವಣ್ಯಾಳನ್ನು ಕರೆದುಕೊಂಡು ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದ. ಹೊಸ ಜೋಡಿಯನ್ನು ಹಾಗೇ ಒಳಗೆ ಕರೆಯುವುದು ಹೇಗೆ? ಆರತಿ ತಟ್ಟೆ ತೆಗೆದೆ. ನಿಮ್ಮ ಬೀದಿಯ ಮದುವೆಗಳಲ್ಲಿ ನೀನೂ ನೋಡಿದ್ದೀಯ, ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪು ಮಾಡಿ ದೃಷ್ಟಿ ತೆಗೆಯುವುದು. ಇಲ್ಲಿ ಸುಣ್ಣವೆಲ್ಲಿ? ನಾವೆಲ್ಲ ಅಡುಗೆ ಸೋಡಾ ಹಾಕುತ್ತೇವೆ. ತಟ್ಟೆಯ ಹಳದಿ ನೀರಿಗೆ ಒಂದು ಚಿಟಿಕೆ ಸೋಡಾ ಹಾಕಿ ಬೆರಳಾಡಿಸಿದೆ. ನನ್ನ ಬೆರಳ ಸುತ್ತ ನೀರು ಕೆಂಪಾಯಿತು.

ಆ ಕೆಂಪು.

ಹೊರಗೆ ಜೋಡಿ ನಿಂತಿದೆ. ಸುಮನ್, "ಅತ್ತೆ, ಹಸಿವಾಗ್ತಿದೆ, ಆರತಿ ಬೇಗ ಎತ್ತಿ" ಎಂದು ತಮಾಷೆ ಮಾಡುತ್ತಿದ್ದಾನೆ. ತಟ್ಟೆಯ ನೀರು ಲಾವಣ್ಯಾಳ ಸೀರೆಯ ಮೇಲೆ ತುಳುಕಿತು. ಹೇಗೋ ಮುಗಿಸಿದೆ. ನೀರು ಚೆಲ್ಲುವ ನೆಪದಲ್ಲಿ ಕೆಳಗೆ ಹೋಗಿ ಹೆರ್ ಫೋಗ್ಟ್ ಮನೆಯ ಬೆಲ್ ಒತ್ತಿದೆ. "ಈಸ್ಟರ್ ಆದ ಮೇಲೆ ಮೆಟ್ಟಿಲು ತೊಳೆದಿರಲ್ಲ, ಏನು ಹಾಕಿ ತೊಳೆದಿರಿ?" ಎಂದು ಕೇಳಿದೆ. ಅವನಿಗೆ ಹೆಮ್ಮೆ. ತೊಳೆಯುವ ಸೋಡಾವನ್ನು ಬಿಸಿನೀರಿಗೆ ಧಾರಾಳವಾಗಿ ಹಾಕಿ, ಮೆಟ್ಟಿಲಷ್ಟೇ ಅಲ್ಲ, ಬಾಗಿಲವಾಡಗಳನ್ನೂ ಸ್ಪಂಜಿನಿಂದ ತೊಳೆದನಂತೆ, ಮುದುಕಿ ಬರುತ್ತಾಳೆಂದು. ಅವರು ಬಂದ ದಿನವೇ, ಮಧ್ಯಾಹ್ನ.

ನಾನು ಮೇಲಿನ ಅರಿಶಿನ ಒರೆಸಿದ್ದೆ. ಕೊಳವೆಯ ಹಿಂದೆ, ಸಂದಿಯಲ್ಲಿ, ಅಷ್ಟು ಶುಕ್ರವಾರಗಳ ಅರಿಶಿನ ಕೂತಿತ್ತು. ಅವನ ಸೋಡಾ ನೀರು ಅದನ್ನು ಕೆಳಗಿಳಿಸಿತು. ಅವನು ಬಕೆಟ್ ಎತ್ತಿಕೊಂಡು ಹೋದ ಮೇಲೆ ಬಣ್ಣ ಇಳಿದಿದೆ. ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಹುಟ್ಟಿದಾಗಿನಿಂದ ಆರತಿ ನೀರು ನೋಡಿರುವ ನನಗೆ ಅದು ಹೊಳೆಯಲಿಲ್ಲ. ನಿನ್ನ ಮಗಳನ್ನು ಕೇಳುವುದು ಹೊಳೆಯಿತು.

ಯತಿರಾಜ್‌ಗೆ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ನಮ್ಮ ಪೌರತ್ವದ ಅರ್ಜಿ ಆಫೀಸಿನಲ್ಲಿದೆ. ಯಹೂದಿಗಳ ವಿರುದ್ಧ ಏನಾದರೂ ಮಾಡಿದವರಿಗೆ ಈ ದೇಶ ಪೌರತ್ವ ಕೊಡುವುದಿಲ್ಲ.

"ಬೇಕಂತ ಮಾಡಿಲ್ಲ ಅಂತ ನೀನು ಹೇಳ್ತೀಯ. ಅವ್ರು ಫೈಲಲ್ಲಿ ಏನು ಬರ್ಕೋತಾರೆ? ಪೂಜೆ ಮಾಡಿದ್ಲು ಅಂತ ಬರ್ಕೋತಾರಾ? ಹೇಗೂ ತಣ್ಣಗಾಗಿದೆ. ಸುಮ್ನಿರು."

"ಅಮ್ನಾ?"

"ಅವಳ ಮೇಲೆ ಕೇಸೇನೂ ಆಗಿಲ್ವಲ್ಲ."

"ಆಗಿದೆ ರೀ. ನಮ್ಮನೇಲೇ ಆಗಿದೆ."

ಅವರು ಕೆಟ್ಟವರಲ್ಲ, ನಿನಗೆ ಗೊತ್ತು. ಹೆದರಿದ್ದಾರೆ. ನನಗೂ ಹೆದರಿಕೆಯಿದೆ. ನಾಳೆ ಎದುರು ಬಾಗಿಲಿಗೆ ಹೋಗುತ್ತೇನೆ. ಹೋಗುವ ಮೊದಲೇ ಈ ಕಾಗದವನ್ನು ಅಂಚೆಗೆ ಹಾಕುತ್ತಿದ್ದೇನೆ, ಆಮೇಲೆ ಮನಸ್ಸು ಬದಲಾಯಿಸಲು ನನಗೆ ದಾರಿ ಇರಬಾರದು.

ಸೌಭಾಗ್ಯ



ಮ್ಯಾನ್‌ಹೈಮ್
೧೦ ಜುಲೈ ೨೦೨೫

ಖದೀಜಾ,

ಹೋದೆ.

ಬಾಯಿಮಾತಿನಲ್ಲಿ ಹೇಳಿದರೆ ನಂಬಲಾರರೆಂದು ಸ್ಟೀಲ್ ತಟ್ಟೆ, ಅರಿಶಿನದ ಡಬ್ಬಿ, ಸೋಡಾ ತೆಗೆದುಕೊಂಡು ಹೋಗಿದ್ದೆ. ಫ್ರಾವ್ ರೆಜ್ನಿಕ್ ಸರಪಳಿ ಹಾಕಿಯೇ ಬಾಗಿಲು ತೆರೆದರು. ತಟ್ಟೆ ನೋಡಿ, ತಿಂಡಿ ತಂದಿದ್ದೇನೆಂದುಕೊಂಡು ಬೇಡವೆನ್ನಲು ಹೊರಟಿದ್ದರು. "ನಿಮ್ಮ ಬಾಗಿಲ ಮೇಲಿನ ಕೆಂಪು ನನ್ನದು" ಎಂದೆ. ಅವರು ಸರಪಳಿ ತೆಗೆದರು.

ಅವರ ಅಡುಗೆಮನೆಯ ಮೇಜಿನ ಮೇಲೆ ಮಾಡಿ ತೋರಿಸಿದೆ. ನೀರು ಹಳದಿಯಾಯಿತು. ಸೋಡಾ ಹಾಕಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಬೆರಳದ್ದಿ ನೋಡಿದರು. ನಮ್ಮಮ್ಮ, ವಠಾರ, ಬೋಳು ಹೊಸ್ತಿಲು, ಎಲ್ಲ ನನ್ನ ಹರುಕು ಜರ್ಮನ್‌ನಲ್ಲಿ ಹೇಳಿದೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಅಂದರೆ ಯಾರೂ ಬಂದಿರಲಿಲ್ಲ?"

"ಯಾರೂ ಬಂದಿರಲಿಲ್ಲ."

"ಇಷ್ಟು ದಿನ ನಾನು ನನ್ನ ಚೀಲ ಹೊತ್ತ ಹುಡುಗಿಗೆ ಹೆದರಿಕೊಂಡು ಬದುಕಿದೆ."

"ನಾನೂ" ಎಂದೆ.

ಅವರು ಎದ್ದು ಒಳಗೆ ಹೋಗಿ ಕರವಸ್ತ್ರದಲ್ಲಿ ಸುತ್ತಿದ ಸುರುಳಿಯನ್ನು ತಂದು ಬಿಚ್ಚಿದರು. ತೊಗಲಿನ ಹಾಳೆ ಒಂದು ಅಂಚಿನಲ್ಲಿ ಉಬ್ಬಿತ್ತು. ಅಲ್ಲಿ ಶಾಯಿ ಕದಡಿ ಒಂದು ಅಕ್ಷರದ ಕಾಲು ಹೋಗಿಬಿಟ್ಟಿತ್ತು. ಒಂದು ಅಕ್ಷರ ಮುರಿದರೂ ಇಡೀ ಹಾಳೆ ಬಾಗಿಲಿಗೆ ಸಲ್ಲುವುದಿಲ್ಲವಂತೆ, ಮಣ್ಣಿನಲ್ಲಿ ಹೂಳಬೇಕಂತೆ, ಮನುಷ್ಯರನ್ನು ಹೂಳುವ ಹಾಗೆ. ಕೊಳವೆಯ ತಳದಲ್ಲಿ ಬಿರುಕಿತ್ತು. ನನ್ನ ಒದ್ದೆ ಬಟ್ಟೆಯ ನೀರು ಅಲ್ಲಿಂದ ಒಳಗೆ ಹೋಗಿದೆ.

"ನನ್ನ ಅಜ್ಜಿ ಇದನ್ನು ಎಷ್ಟೋ ಜನ ಅಧಿಕಾರಿಗಳಿಂದ ಬಚ್ಚಿಟ್ಟಳು. ನಿಮ್ಮ ಬಟ್ಟೆಯಿಂದ ಬಚ್ಚಿಡಲಾಗಲಿಲ್ಲ" ಅಂದರು. ಬೈಯಲಿಲ್ಲ, ನಗಲೂ ಇಲ್ಲ. ನಾನು ಅತ್ತೆ. ಈ ಸಲ ಯಾರೂ ಸಮಾಧಾನ ಮಾಡಲಿಲ್ಲ. ಅದು ಸರಿಯಾಗಿಯೇ ಇತ್ತು.

ಆಮೇಲೆ ಅವರು ಊರುಗೋಲು ಹಿಡಿದು, "ಬನ್ನಿ" ಎಂದು ನನ್ನನ್ನು ಕೆಳಗಿಳಿಸಿದರು, ಫೋಗ್ಟ್ ಮನೆಗೆ. "ಹೇಳಿ, ನನಗೆ ಹೇಳಿದ್ದನ್ನು" ಅಂದರು. ಹೇಳಿದೆ. ಅವನು ಕಿವಿ ಕೆಂಪಗೆ ಮಾಡಿಕೊಂಡು, ಸೋಡಾ ಹಾಕಿ ತೊಳೆಯುವುದು ಅಪರಾಧವಲ್ಲವಲ್ಲ ಅಂದ. ಅಮ್ನಾಳ ಮಾತು ತೆಗೆದೆ. "ನಾನು ಕೇಳಿದೆ ಅಷ್ಟೇ. ಕೇಳುವುದರಲ್ಲಿ ತಪ್ಪೇನು?" ಅಂದ.

ನಾನು ನಿನಗೆ ಬರೆದ ಮಾತು ಅದು, ಖದೀಜಾ. ಅವನ ಬಾಯಲ್ಲಿ ಕೇಳಿದ ಮೇಲೆ ಅದರ ಅರ್ಥ ತಿಳಿಯಿತು.

ಪೊಲೀಸರಿಗೆ ಫ್ರಾವ್ ರೆಜ್ನಿಕ್ ಅವರೇ ಫೋನು ಮಾಡಿದರು. ನಿನ್ನೆ ಹೋಗಿ ಹೇಳಿಕೆ ಕೊಟ್ಟು ಬಂದೆ. ಅಮ್ನಾಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದು ಬರೆಸಿ, ಓದಿಸಿಕೊಂಡು, ಸಹಿ ಹಾಕಿದೆ. ಯತಿರಾಜ್ ಬರುವುದಿಲ್ಲ ಎಂದಿದ್ದವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಟ್ರಾಮಿನಲ್ಲಿ ನನ್ನ ಕೈಚೀಲ ಹಿಡಿದುಕೊಂಡರು. ನಮ್ಮ ಅರ್ಜಿಗೆ ಇದರಿಂದ ಏನಾಗುತ್ತದೋ ಹೇಳಿಕೆ ಬರೆದುಕೊಂಡ ಅಧಿಕಾರಿಗೂ ಗೊತ್ತಿಲ್ಲ.

ಕ್ಷಮಿಸು ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ಕ್ಷಮಿಸು ಎಂದ ಕೂಡಲೇ ಮುಂದಿನ ಕೆಲಸ ನಿನ್ನ ಮೇಲೆ ಬೀಳುತ್ತದೆ. ಅದು ಬೇಡ.

ಸೌಭಾಗ್ಯ



ಮ್ಯಾನ್‌ಹೈಮ್
೪ ಆಗಸ್ಟ್ ೨೦೨೫

ಖದೀಜಾ,

ಶನಿವಾರ ಅಮ್ನಾ ಬಂದು ಸಾಮಾನು ತೆಗೆದುಕೊಂಡು ಹೋದಳು. ನಿನಗೆ ಗೊತ್ತಿರುವುದೇ. ಕಾರು ಓಡಿಸಿಕೊಂಡು ಬಂದವಳು ನೀನು. ಕಿಟಕಿಯಿಂದ ನೋಡಿದೆ, ನೀನು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತ ಕೂತಿದ್ದೆ. ತಲೆ ಎತ್ತಲಿಲ್ಲ.

ಮೇಲೆ ನಡೆದದ್ದನ್ನು ಬರೆಯುತ್ತೇನೆ, ಅವಳು ಎಲ್ಲ ಹೇಳಿರುವುದಿಲ್ಲ.

ಅವಳ ಹೆಜ್ಜೆಯ ಸದ್ದು ಕೇಳಿಯೇ ಫ್ರಾವ್ ರೆಜ್ನಿಕ್ ಬಾಗಿಲು ತೆರೆದರು. ಹೊಸ ಸುರುಳಿ ಬಂದು ಎಷ್ಟೋ ದಿನವಾಗಿತ್ತು. ಅವರ ಪ್ರಾರ್ಥನಾ ಸಭೆಯವರು ಬಂದು ಹಾಕಿಕೊಡುತ್ತೇವೆ ಎಂದರೂ ಬೇಡವೆಂದು ಕಾಯುತ್ತಿದ್ದರು. ಹಳೆಯ ಕೊಳವೆಯ ಬಿರುಕಿಗೆ ಮೇಣ ತುಂಬಿಸಿದ್ದರು. ಅಮ್ನಾಗೆ ಅವರು ಜರ್ಮನ್‌ನಲ್ಲಿ ಮೆಲ್ಲಗೆ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ, ನನಗೆ ಹೇಳಿದ್ದೂ ಅಲ್ಲ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಆಮೇಲೆ ಅವರು, ಬಾಗಿಲ ಒಳಗಡೆ ಹಾಕು ಎನ್ನುತ್ತಾನೆ ಮಗ, ನೀನೇನು ಹೇಳುತ್ತೀ ಎಂದು ಅವಳನ್ನು ಕೇಳಿದರು. ಅಮ್ನಾ ಸ್ಕಾರ್ಫಿನ ಅಂಚು ಸರಿಮಾಡಿಕೊಂಡು, "ನನ್ನದನ್ನು ತೆಗೆದು ಒಳಗಿಟ್ಟು ಓಡಾಡಲು ನನಗಾಗುವುದಿಲ್ಲ. ನಿಮ್ಮದು ನೀವು ನೋಡಿಕೊಳ್ಳಿ" ಅಂದಳು. ಸಿಟ್ಟಿನಿಂದ ಅಂದಳೋ ಸುಮ್ಮನೆ ಅಂದಳೋ ತಿಳಿಯಲಿಲ್ಲ. ಮುದುಕಿ ಹೊರಗಿನ ತೂತುಗಳ ಮೇಲೇ ಕೊಳವೆಯನ್ನಿಟ್ಟು ಮಂತ್ರ ಹೇಳಿ ತಿರುಪು ಬಿಗಿದರು. ಸೊಂಟ ಇನ್ನೂ ಗಟ್ಟಿಯಾಗಿ ನಿಲ್ಲುವುದಿಲ್ಲವಲ್ಲ, ಅಮ್ನಾ ಹಿಂದಿನಿಂದ ಅವರ ಮೊಣಕೈ ಹಿಡಿದುಕೊಂಡಿದ್ದಳು. ನಾನು ನನ್ನ ಬಾಗಿಲಲ್ಲಿ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಅವಳು ಕೊನೆಯ ಪೆಟ್ಟಿಗೆ ಎತ್ತಿಕೊಂಡಾಗ ನಾನು ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಶುರುಮಾಡಿದೆ. ಅವಳು ತಡೆದಳು. "ಗೊತ್ತು ಆಂಟಿ. ಅಮ್ಮಿ ನಿಮ್ಮ ಕಾಗದಗಳನ್ನ ಓದಿ ಹೇಳಿದ್ರು. ಎಲ್ಲಾನೂ." ಹೈಡೆಲ್‌ಬರ್ಗಿನಲ್ಲಿ ಕೋಣೆ ಸಿಕ್ಕಿದೆ, ಅಲ್ಲಿಂದಲೇ ಕ್ಲಾಸಿಗೆ ಬರುತ್ತಾಳಂತೆ. ಆಮೇಲೆ, "ಹೋಗ್ತೀನಿ ಆಂಟಿ" ಅಂದಳು.

ತಿದ್ದಲಿಲ್ಲ. ಬಾಯಿ ತನಕ ಬಂದಿತ್ತು. ಬಾ ಎಂದು ಕೇಳುವ ಅರ್ಹತೆ ಎಲ್ಲಿದೆ ಎನಿಸಿ, "ಹುಷಾರು ಕಣಮ್ಮ" ಅಂದೆ ಅಷ್ಟೇ. ಕೈ ತಡೆದುಕೊಳ್ಳುವುದನ್ನು ಕಲಿತವಳು ಬಾಯನ್ನೂ ತಡೆದುಕೊಂಡೆ.

ಈ ಶುಕ್ರವಾರ ನನ್ನ ಹೊಸ್ತಿಲನ್ನಷ್ಟೇ ತೊಳೆಯುತ್ತೇನೆ.

ಸೌಭಾಗ್ಯ



ಡ್ಯೂಸೆಲ್ಡಾರ್ಫ್
೧೪ ಆಗಸ್ಟ್ ೨೦೨೫

ಸೌಭಾಗ್ಯ,

ನಾನು ಮೇಲೆ ಬರಲಿಲ್ಲ. ಬಂದಿದ್ದರೆ ನೀನು ಕಾಫಿ ಕೊಡುತ್ತಿದ್ದೆ, ನಾನು ಕುಡಿಯುತ್ತಿದ್ದೆ, ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಇನ್ನೂ ಸ್ವಲ್ಪ ದಿನ ಅದು ಮುಗಿಯುವುದು ನನಗೆ ಬೇಡವಾಗಿತ್ತು. ಈಗಲೂ ಬೇಡ. ಸುಳ್ಳು ಬರೆಯಲಾರೆ.

ನಿನ್ನ ಕಾಗದವನ್ನು ಗಫೂರ್‌ಗೂ ಓದಿ ಹೇಳಿದೆ. ಪೊಲೀಸರ ಹತ್ತಿರ ಹೋಗಿದ್ದನ್ನು ಎರಡು ಸಲ ಓದಿಸಿಕೊಂಡರು. ಯತಿರಾಜ್ ಅವರ ಅರ್ಜಿ ಏನಾಯಿತು ಎಂದು ಕೇಳುತ್ತಿದ್ದಾರೆ, ತಿಳಿದರೆ ಬರೆ.

ಒಂದು ವಿಷಯ ಹೇಳದೆ ಇರಲಾಗುತ್ತಿಲ್ಲ. ಆವತ್ತು ಅಮ್ನಾ ಕೆಳಗೆ ಬರುವುದು ತಡವಾಯಿತು. ಊರು ದಾಟಿ ಹೈವೇಗೆ ಬಂದ ಮೇಲೆ, "ಆಂಟಿ ಯಾಕೆ ಕೂಗ್ಲಿಲ್ಲ?" ಅಂದಳು. ನನಗೆ ಅರ್ಥವಾಗಲಿಲ್ಲ. ನಿನ್ನ ಕಾಗದ ಬಂದ ಮೇಲೆ ಆಯಿತು. ಅವಳನ್ನು ಕೇಳಿದರೆ, ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ಇಳಿಸಿ ನಿಂತಿದ್ದಳಂತೆ, ಮೇಲಿಂದ ನೀನು ತಿದ್ದುತ್ತೀಯೆಂದು.

ಕೂಗಬೇಕಿತ್ತು ಕಣೆ.

ಖದೀಜಾ